ಅಮ್ಮನ ಕಣ್ಣು ಮತ್ತು ನನ್ನ ಗೇರು

ಕಾರು ಮನೆಗೆ ಬಂದ ಮೊದಲ ವಾರ ನಾನು ಅದನ್ನು ಓಡಿಸಲಿಲ್ಲ, ಓದಿದೆ.

ಎಪ್ಪತ್ತರ ದಶಕ ಆಗತಾನೇ ಕಣ್ಣುಬಿಟ್ಟಿದ್ದ ಕಾಲ. ಆಗ ಕಾರು ಬೇಕೆಂದವನು ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ನಾನು ಹೆಸರು ಬರೆಸಿದ ವರ್ಷ ಹುಟ್ಟಿದ ಮಗಳು ವೀಣಾ, ಕಾರು ಬರುವ ಹೊತ್ತಿಗೆ ಮೂರನೆಯ ಕ್ಲಾಸಿನಲ್ಲಿದ್ದಳು. ಅಷ್ಟು ಕಾದವನು ಇನ್ನೊಂದು ವಾರ ಕಾಯಲಾರೆನೆ? ಎರ್ನಾಕುಳಂನ ಪಾಲಾರಿವಟ್ಟದ ನಮ್ಮ ಬಾಡಿಗೆ ಮನೆಯ ಮುಂದೆ, ತೆಂಗಿನಕಾಯಿ ಬೀಳದ ಜಾಗ ನೋಡಿ, ತಂದವರಿಂದಲೇ ಕಾರು ನಿಲ್ಲಿಸಿಸಿ, ಅದರ ಜೊತೆ ಕೊಟ್ಟ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ನನ್ನದು ಬ್ಯಾಂಕಿನ ಕೆಲಸ. ಕಾಗದ ಓದದೆ ಸಹಿ ಮಾಡುವ ಅಭ್ಯಾಸವಿಲ್ಲ. ಒಳಗೆ ಏನು ನಡೆಯುತ್ತದೆಂದು ಗೊತ್ತಿಲ್ಲದ ಯಾವುದನ್ನೂ ನನ್ನ ಕೈ ಮುಟ್ಟುವುದಿಲ್ಲ. ಕಾಲಂತೂ ಇನ್ನೂ ಸಂಶಯದ ಪ್ರಾಣಿ.

ಬ್ರೇಕು ಅರ್ಥವಾಯಿತು. ಆಕ್ಸಿಲರೇಟರೂ ಅರ್ಥವಾಯಿತು. ಸ್ಟಿಯರಿಂಗಿನ ಕೊರಳಿಗೆ ಅಂಟಿಕೊಂಡಿದ್ದ ಗೇರಿನ ಕೋಲು ಸ್ವಲ್ಪ ತಕರಾರು ಮಾಡಿತು. ಕಾರ್ಕಳದ ಕಡೆಯವನಾದ ನನಗೆ ಗೇರು ಎಂದರೆ ಮೊದಲು ನೆನಪಾಗುವುದು ಹಣ್ಣು, ಆಮೇಲೆ ಬೀಜ. ಆದರೆ ನಿಜವಾಗಿ ನನ್ನನ್ನು ಸತಾಯಿಸಿದ್ದು ಕ್ಲಚ್ಚು. ನಿಘಂಟು ತೆರೆದು ನೋಡಿದೆ. ‘ಬಿಗಿಯಾಗಿ ಹಿಡಿ’ ಎಂದಿತ್ತು. ಕೈಪಿಡಿಯಲ್ಲಿ ನೋಡಿದರೆ, ಅದನ್ನು ಒತ್ತಿದಾಗ ಎಂಜಿನ್ನು ಚಕ್ರಗಳನ್ನು ಬಿಟ್ಟುಬಿಡುತ್ತದೆ! ಹೆಸರು ಹಿಡಿ ಎನ್ನುತ್ತದೆ, ಒತ್ತಿದರೆ ಬಿಡುತ್ತದೆ. ಇಂಥ ಎರಡು ನಾಲಗೆಯ ವಸ್ತುವಿನ ಮೇಲೆ ಕಾಲಿಡುವುದು ಹೇಗೆ?

ಕಲಿಸಲು ಬಂದವರು ವರ್ಕಿ ಚೇಟ್ಟನ್, ಅಂದರೆ ವರ್ಕಿಯಣ್ಣ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ, ಬಿಳಿ ಮುಂಡು ಬಿಳಿ ಮೀಸೆಯ ಮನುಷ್ಯ. ಮೊದಲ ದಿನವೇ ನಾನು ಅವರನ್ನು ಕೇಳಿದೆ, ಕ್ಲಚ್ಚನ್ನು ಅರ್ಧ ಬಿಟ್ಟಾಗ ಒಳಗಿನ ಎರಡು ತಟ್ಟೆಗಳು ಒಂದನ್ನೊಂದು ಹಿಡಿದಿರುತ್ತವೆಯೋ, ಜಾರುತ್ತಿರುತ್ತವೆಯೋ ಎಂದು. ಅವರು ನನ್ನನ್ನು ಕನಿಕರದಿಂದ ನೋಡಿದರು. “ಆಲೋಚಿಕ್ಕೇಂಡ ಸಾರೇ, ಚವಿಟ್ಟಿಯಾಲ್ ಮದಿ” ಎಂದರು. ಯೋಚಿಸಬೇಡಿ, ತುಳಿದರೆ ಸಾಕು.

ನಾನು ಯೋಚಿಸಿಕೊಂಡೇ ತುಳಿದೆ. ಕಾರು ಕುಪ್ಪಳಿಸಿತು, ಕೆಮ್ಮಿತು, ನಿಂತಿತು. ಹಿಂದಿನ ಸೀಟಿನಿಂದ ವೀಣಾ, “ಅಪ್ಪಾ, ಪಿನ್ನೇಂ ನಿನ್ನು!” ಎಂದು ವರದಿ ಒಪ್ಪಿಸಿದಳು. ಮತ್ತೆ ನಿಂತಿತು ಅಂತ. ನಾವು ಕನ್ನಡದಲ್ಲಿ ಮಾತಾಡಿದರೆ ಮಲಯಾಳದಲ್ಲಿ ಉತ್ತರ ಕೊಡುವುದು ಅವಳ ರೂಢಿ. ಅಪಮಾನಕ್ಕೆ ಆ ಭಾಷೆ ಬಹಳ ಚೆನ್ನಾಗಿ ಒದಗುತ್ತದೆ ಎಂದು ಆವತ್ತು ತಿಳಿಯಿತು.

ಅವಳ ಪಕ್ಕದಲ್ಲಿ ಸುಮ್ಮನೆ ಕೂತು ನೋಡುತ್ತಿದ್ದವಳು ನನ್ನ ಹೆಂಡತಿ ಸುಮತಿ. ಮೂರನೆಯ ವಾರ ವರ್ಕಿ ಚೇಟ್ಟನ್ ನನ್ನಿಂದ ಬಿಡುವು ಬೇಕಾಗಿಯೋ ಏನೋ, “ಮೋಳು ಒನ್ನು ನೋಕ್ಕಟ್ಟೆ” ಎಂದು ಸುಮತಿಯನ್ನು ತೋರಿಸಿದರು, ಮಗಳೊಮ್ಮೆ ನೋಡಲಿ ಅಂತ. ಸುಮತಿ ಸೆರಗು ಸಿಕ್ಕಿಸಿಕೊಂಡು ಕೂತಳು. ಕಾರು ಬೆಣ್ಣೆಯ ಮೇಲೆ ಹೊರಟ ಹಾಗೆ ಹೊರಟಿತು. ಅದು ಹೇಗೆ ಎಂದು ಕೇಳಿದೆ.

“ನನಗೆಂತ ಗೊತ್ತು? ಹೊಲಿಗೆ ಮೆಷಿನ್ ತುಳಿದ ಹಾಗೆ. ಎಲ್ಲಿ ಬಿಡ್ಬೇಕು ಅಂತ ಕಾಲಿಗೆ ಗೊತ್ತಾಗ್ತದೆ” ಎಂದಳು.

ನನ್ನ ಕಾಲಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಲೈಸೆನ್ಸು ಅವಳಿಗೆ ಮೊದಲ ಸಲಕ್ಕೇ ಸಿಕ್ಕಿತು, ನನಗೆ ಎರಡನೆಯ ಸಲಕ್ಕೆ. ಆದರೂ ಕಾರು ‘ಸಾರ್ ಅವರ ಕಾರು’. ಕೇರಿಯವರ ಮುಂದೆ ನಾನೇ ಓಡಿಸುತ್ತಿದ್ದೆ. ಅವಳು ಮೀನು ಮಾರುಕಟ್ಟೆಯ ಆಚೆ, ಯಾರೂ ಇಲ್ಲದ ರಸ್ತೆಯಲ್ಲಿ ಓಡಿಸುತ್ತಿದ್ದಳು. ಹಾಗೆಂದು ನಾವಿಬ್ಬರೂ ಬಾಯಿಬಿಟ್ಟು ಒಪ್ಪಂದ ಮಾಡಿಕೊಂಡದ್ದಿಲ್ಲ. ಹಾಗೆ ಆಗಿಹೋಯಿತು.

ಅಷ್ಟರಲ್ಲಿ ಕಾರ್ಕಳದಿಂದ ಅಮ್ಮ ಬಂದಳು. ಎರಡು ಕಣ್ಣಿಗೂ ಪೊರೆ ಕೂತಿತ್ತು. ಎದುರಿಗೆ ಯಾರೋ ಇದ್ದಾರೆ ಎಂದು ಮಾತ್ರ ತಿಳಿಯುತ್ತಿತ್ತು, ಯಾರೆಂದು ತಿಳಿಯುತ್ತಿರಲಿಲ್ಲ. ಸುಮತಿಯ ತಮ್ಮ ರಘು ತಿರುವನಂತಪುರದಲ್ಲಿ, ರಾಕೆಟ್ಟಿನ ಕೆಲಸದಲ್ಲಿದ್ದ. ಅಲ್ಲಿ ಅವನಿಗೆ ಪರಿಚಯದ ಕಣ್ಣಿನ ಡಾಕ್ಟರೊಬ್ಬರಿದ್ದರು. ಅಲ್ಲಿಗೇ ಕರೆದುಕೊಂಡು ಹೋಗುವುದೆಂದಾಯಿತು. ಅಮ್ಮ ಹೊಸ ಕಾರಿನ ಸೀಟನ್ನು ಕೈಯಿಂದ ತಡವಿ ನೋಡಿ, ಒಂದು ಷರತ್ತು ಹಾಕಿದಳು.

“ಸುಮತಿಯೂ ಓಡಿಸ್ತಾಳಂತಲ್ಲ? ಅದೆಲ್ಲ ನನಗೆ ಬೇಡ. ನೀನು ಓಡಿಸುವುದಾದ್ರೆ ಬರ್ತೇನೆ.”

ಅಡುಗೆಮನೆಯಲ್ಲಿ ಸುಮತಿಯ ಕೈಯ ಒಂದು ಪಾತ್ರೆ ಸ್ವಲ್ಪ ಜೋರಾಗಿ ಸದ್ದು ಮಾಡಿತು, ಅಷ್ಟೆ. ನನಗೆ ಒಳಗೊಳಗೇ ಹಿತವಾಯಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಆ ಪ್ರಯಾಣದ ಬಗ್ಗೆ ನನಗೆ ನೆನಪಿರುವುದು ಕಾರಿನ ಮೂತಿ ಮಾತ್ರ. ಮುಂದಿನ ಹತ್ತು ಮಾರು ರಸ್ತೆ, ಅದರಾಚೆ ಏನೂ ಇಲ್ಲ. ಅಮ್ಮ ಹಿಂದಿನಿಂದ “ಇದು ಯಾವ ಊರು ಮಗಾ? ನೀರಿನ ವಾಸನೆ ಬರ್ತಾ ಉಂಟಲ್ಲ?” ಎಂದು ಕೇಳುತ್ತಲೇ ಇದ್ದಳು. ನಾನು ಹಲ್ಲು ಕಚ್ಚಿ ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವ ದಾರಿ ಹುಡುಕುತ್ತಿದ್ದೆ. ಸುಮತಿಯೇ ಉತ್ತರ ಕೊಡುತ್ತಿದ್ದಳು. ಕೊಲ್ಲಂ ಹತ್ತಿರದ ರೈಲ್ವೆ ಗೇಟಿನಲ್ಲಿ ಕಾರು ಎರಡು ಸಲ ನಿಂತಿತು. ತಿರುವನಂತಪುರ ಏಳು ಗುಡ್ಡಗಳ ಊರು ಎನ್ನುತ್ತಾರೆ. ಆ ಏಳನ್ನೂ ನಾನು ಒಂದೇ ದಿನ ಎಣಿಸಿದೆ. ಒಂದು ಏರಿನಲ್ಲಿ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ, ಕಾರು ಹಿಂದಕ್ಕೆ ಜಾರಿ, ಆಮೇಲೆ ಒಮ್ಮೆಲೇ ಮುಂದಕ್ಕೆ ನೆಗೆಯಿತು. ಅಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು.

“ಗಾಡಿಗೆ ಬಿಕ್ಕಳಿಕೆ ಬಂತಾ ಮಗಾ?” ಎಂದಳು, ಹಣೆ ಉಜ್ಜಿಕೊಳ್ಳುತ್ತ.

ಆಪರೇಷನ್ ಚೆನ್ನಾಗಿ ಆಯಿತು. ಆಗಿನ ಕ್ರಮವೇ ಬೇರೆ. ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ಅಲುಗದ ಹಾಗೆ ಮಲಗಿಸುತ್ತಿದ್ದರು. ಹತ್ತನೆಯ ದಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ನನ್ನ ರಜೆ ಮುಗಿದಿತ್ತು. ರೈಲಿನ ನೂಕುನುಗ್ಗಲಿನಲ್ಲಿ ಅವಳನ್ನು ಹತ್ತಿಸುವ ಧೈರ್ಯವಿರಲಿಲ್ಲ. ಕಾರು ಇದೆ ಎಂದೆ. ಡಾಕ್ಟರು ನನ್ನನ್ನೇ ನೋಡಿದರು. “ಹೊಲಿಗೆ ಇನ್ನೂ ಹಸಿ. ಕೆಮ್ಮಬಾರದು, ಬಗ್ಗಬಾರದು, ತಲೆ ಕುಲುಕಬಾರದು. ಜೋರಾಗಿ ಒಂದು ಸಲ ಅಲುಗಿದರೂ ಸಾಕು, ಮಾಡಿದ್ದೆಲ್ಲ ಹಾಳು.”

ನಾನು ತಲೆಯಾಡಿಸಿ ಹೊರಗೆ ಬಂದೆ. ಅಮ್ಮನ ಹಣೆ ಸೀಟಿಗೆ ಬಡಿದ ಸದ್ದು ಕಿವಿಯಲ್ಲಿ ಹಾಗೆಯೇ ಇತ್ತು.

ಸಂಜೆ ರಘುವಿನ ಮನೆಯಲ್ಲಿ ನನ್ನ ಭಯ ಹೇಳಿಕೊಂಡೆ. ಅವನು ವಿಜ್ಞಾನಿ, ಭಯವನ್ನು ಭಯವಾಗಿ ಬಿಡುವವನಲ್ಲ, ಅಳೆಯುವವನು. ಒಳಗೆ ಹೋಗಿ ಒಂದು ಸ್ಟೀಲ್ ಲೋಟ ತಂದ. ಅಂಚಿನವರೆಗೆ ನೀರು ತುಂಬಿ, ಒಂದು ತಟ್ಟೆಯ ಮೇಲಿಟ್ಟು, ಹಿಂದಿನ ಸೀಟಿನಲ್ಲಿ ವೀಣಾಳನ್ನು ಕಾವಲು ಕೂರಿಸಿದ. “ಭಾವ, ನೀವೊಂದು ಸುತ್ತು ಹೋಗಿ ಬನ್ನಿ. ಆಮೇಲೆ ಅಕ್ಕ ಹೋಗಿ ಬರಲಿ. ಅದೇ ರಸ್ತೆ, ಅದೇ ಏರು.”

ನಾನು ಬರುವಾಗ ಲೋಟ ಮಲಗಿತ್ತು, ತಟ್ಟೆ ತುಂಬಿತ್ತು, ಸೀಟೂ ವೀಣಾಳ ಲಂಗವೂ ಒದ್ದೆಯಾಗಿದ್ದವು. ಸುಮತಿ ಬರುವಾಗ ತಟ್ಟೆಯಲ್ಲಿ ನಾಲ್ಕು ಹನಿ.

“ಫಲಿತಾಂಶ ಇಷ್ಟು ಸ್ಪಷ್ಟವಾಗಿ ಬರುವುದು ನಮ್ಮಲ್ಲೂ ಅಪರೂಪ” ಎಂದ ರಘು. ಹಾಗಾದರೆ ನನ್ನ ತಪ್ಪೆಲ್ಲಿ ಎಂದು ಕೇಳಿದೆ. ಅವನು ಎರಡು ಊಟದ ತಟ್ಟೆಗಳನ್ನು ಮುಖಾಮುಖಿ ಹಿಡಿದು, ಒಂದನ್ನು ತಿರುಗಿಸಿ, ಇನ್ನೊಂದಕ್ಕೆ ಮೆಲ್ಲಗೆ ತಾಗಿಸಿ, ಎರಡೂ ಒಟ್ಟಿಗೆ ತಿರುಗುವ ಹಾಗೆ ತೋರಿಸಿದ. ಅಷ್ಟು ಸೊಗಸಾಗಿ ಕ್ಲಚ್ಚು ಯಾವ ಪುಸ್ತಕದಲ್ಲೂ ಇಲ್ಲ. ನನಗೆ ಪೂರ್ತಿ ಅರ್ಥವಾಯಿತು. ಹಾಗಾದರೆ ನೀನೇ ಬಂದು ಓಡಿಸು ಎಂದೆ.

“ನಾನಾ? ನಾನು ಕ್ಲಚ್ಚು ಮುಟ್ಟಿಯೇ ಇಲ್ಲ ಭಾವ. ಆಫೀಸಿನ ಬಸ್ಸಿನಲ್ಲಿ ಹೋಗುವವನು.”

ಅರ್ಥವಾಗುವುದು ಬೇರೆ, ಬರುವುದು ಬೇರೆ ಎಂದು ತಿಳಿಯಲು ನನಗೆ ಎರಡು ತಟ್ಟೆ, ಒಂದು ಲೋಟ ಬೇಕಾದವು. ಸುಮತಿಯ ಹತ್ತಿರ ಹೋಗಿ, “ನಾಳೆ ನೀನೇ ಓಡಿಸು” ಎಂದೆ. “ಅಮ್ಮನಿಗೆ ಹೇಳುವುದು ಬೇಡ.”

“ಓಡಿಸ್ತೇನೆ. ಆದರೆ ಅತ್ತೆ ಕೇಳಿದ್ರೆ ಸುಳ್ಳು ಹೇಳುವವಳಲ್ಲ ನಾನು. ಹಾಗೆ ಕದ್ದುಮುಚ್ಚಿ ಓಡಿಸ್ಲಿಕ್ಕೆ ನಾನೆಂತ ಕಳ್ಳತನ ಮಾಡ್ತಾ ಇದ್ದೇನಾ?” ಎಂದಳು.

ಮರುದಿನ ಬೆಳಿಗ್ಗೆ ಅಮ್ಮನನ್ನು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಮಲಗಿಸಿದೆವು. ಒಂದು ಕಣ್ಣಿಗೆ ಪಟ್ಟಿ. ಇನ್ನೊಂದರಲ್ಲಿ ಹಳೆಯ ಪೊರೆ. ವೀಣಾ ಕೆಳಗೆ ಕೂತು ಅಜ್ಜಿಯ ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ನಾನು ಸದ್ದಿಲ್ಲದೆ ಎಡಗಡೆಯ ಸೀಟಿಗೆ ಸರಿದೆ. ಕಾರು ಹೊರಟದ್ದು ನನಗೇ ಗೊತ್ತಾಗಲಿಲ್ಲ.

ಆಮೇಲೆ ಒಂದು ವಿಚಿತ್ರ ನಡೆಯಿತು. ನನಗೆ ಕಣ್ಣು ಬಂತು. ಹತ್ತು ದಿನದ ಹಿಂದೆ ಇದೇ ದಾರಿಯಲ್ಲಿ ನಾನು ಬಂದಿದ್ದೇನೆಂದು ನಂಬುವುದೇ ಕಷ್ಟವಾಯಿತು. ಅಮ್ಮ “ಈಗ ಎಲ್ಲಿದ್ದೇವೆ?” ಎಂದು ಕೇಳಿದಳು. ನಾನು ಹೇಳಲು ಶುರುಮಾಡಿದೆ. ಗೇರುಬೀಜದ ಕಾರ್ಖಾನೆಗೆ ಸಾಲಾಗಿ ನಡೆದುಹೋಗುವ ಹೆಂಗಸರು, ಅವರ ಕೈಯ ಬುತ್ತಿಪಾತ್ರೆ. ಅಂಗಳದಲ್ಲಿ ರಾಟೆ ತಿರುಗಿಸುತ್ತ ಹಿಂದೆ ಹಿಂದೆ ನಡೆದು ತೆಂಗಿನ ನಾರು ಹೊಸೆಯುವವರು. ನೀರಿನ ಮೇಲೆ ಹೆಂಚು ತುಂಬಿಕೊಂಡು ಹೋಗುವ ದೋಣಿ, ಅದರ ತೇಪೆ ಹಾಕಿದ ಹಾಯಿ. ಗದ್ದೆಯ ತುಂಬ ಬಾತುಕೋಳಿಗಳು, ಅವುಗಳನ್ನು ಒಂದು ಕೋಲಿನಲ್ಲೇ ಆಚೆಗೆ ಈಚೆಗೆ ತಿರುಗಿಸುವ ಮುದುಕ. ಅಮ್ಮ ಕೇಳುತ್ತ ಹೋದಳು: ಹಾಯಿಗೆ ಯಾವ ಬಣ್ಣ? ನಾರು ಹೊಸೆಯುವವರಿಗೆ ಬೆನ್ನಿನ ಹಿಂದೆ ಮರ ಇದ್ದರೆ ಎಂತ ಮಾಡ್ತಾರೆ? ಬಾತುಕೋಳಿಗಳಿಗೆ ತಮ್ಮ ಯಜಮಾನನ ಗುರುತು ಹೇಗೆ? ನನಗೆ ಗೊತ್ತಿಲ್ಲದ್ದಕ್ಕೆ ಕಾರು ನಿಧಾನ ಮಾಡಿಸಿ ನೋಡಿ ಹೇಳಿದೆ.

ಹರಿಪ್ಪಾಡಿನ ಹತ್ತಿರ ಎಳನೀರಿಗೆ ನಿಲ್ಲಿಸಿದೆವು. ಅಮ್ಮನಿಗೆ ಚಮಚದಲ್ಲಿ ಕುಡಿಸಿದೆ. ಎರಡು ಚಮಚ ಕುಡಿದವಳು ಸಾಕೆಂದು ಕೈ ಮಾಡಿ, “ಸುಮತೀ, ನೀನೂ ಕುಡಿ. ಬೆಳಿಗ್ಗೆಯಿಂದ ಒಬ್ಬಳೇ ಓಡಿಸ್ತಾ ಇದ್ದಿ” ಎಂದಳು.

ನನ್ನ ಕೈಯ ಚಮಚ ನಿಂತಿತು. ವೀಣಾ ಬಾಯಿಗೆ ಕೈ ಅಡ್ಡ ಹಿಡಿದಳು. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ಕಾರು ಓಡಿಸುವಾಗ ನೀನು ಬಾಯಿ ಬಿಡ್ತಿಯಾ ಮಾರಾಯ? ಹೋಗುವಾಗ ಎಷ್ಟು ಕೇಳಿದೆ! ಒಂದಕ್ಕಾದ್ರೂ ಉತ್ತರ ಕೊಟ್ಟಿಯಾ? ಇವತ್ತು ಯಕ್ಷಗಾನದಲ್ಲಿ ಅರ್ಥ ಹೇಳುವವರ ಹಾಗೆ ಬಿಡದೆ ಹೇಳ್ತಾ ಇದ್ದಿ.”

ಸುಮತಿ ಎಳನೀರು ಹಿಡಿದುಕೊಂಡೇ ಹಿಂದಿನ ಬಾಗಿಲ ಹತ್ತಿರ ಬಂದಳು. “ಬೇಡ ಅಂದಿದ್ರಲ್ಲ ಅತ್ತೆ” ಎಂದಳು. ದನಿಯಲ್ಲಿ ಹತ್ತು ದಿನದ ಹಿಂದಿನ ಪಾತ್ರೆಯ ಸದ್ದು ಸ್ವಲ್ಪ ಇತ್ತು.

ಅಮ್ಮ ಕೈ ಚಾಚಿ, ಗಾಳಿಯಲ್ಲಿ ತಡಕಿ, ಅವಳ ಮಣಿಕಟ್ಟು ಹಿಡಿದುಕೊಂಡಳು. “ನಿನಗೆ ಬರುವುದಿಲ್ಲ ಅಂತ ಹೇಳಿದ್ದಲ್ಲ ಮಗಳೇ. ಇವನಿಗಿಂತ ನೀನು ಚೆಂದ ಓಡಿಸ್ತಿ ಅಂತ ವೀಣಾ ಮೊದಲೇ ಹೇಳಿದ್ದಾಳೆ. ಅವಳ ಮಲಯಾಳ ಅಷ್ಟು ನನಗೂ ತಿಳೀತದೆ. ಇವನಿಗೆ ಬೇಸರ ಆಗ್ತದಲ್ಲ ಅಂತ ಹಾಗೆ ಹೇಳಿದೆ. ಸಣ್ಣದಿರುವಾಗಲೂ ಹೀಗೆಯೇ, ಸೋತರೆ ಊಟ ಬಿಡುತ್ತಿದ್ದ. ನಿನಗೆ ಬೇಸರ ಆಗ್ತದೆ ಅಂತ ಮಾತ್ರ ನನಗೆ ಹೊಳೀಲಿಲ್ಲ ನೋಡು. ತಪ್ಪು ನನ್ನದೇ.”

ಸುಮತಿ ಅಮ್ಮನ ದಿಂಬನ್ನು, ಅದು ಸರಿಯಾಗಿಯೇ ಇದ್ದರೂ, ಇನ್ನೊಮ್ಮೆ ಸರಿಮಾಡಿದಳು. ಎರ್ನಾಕುಳಂ ಪೇಟೆಗೆ ಬಂದಾಗ ಆಫೀಸು ಬಿಡುವ ಹೊತ್ತು. ನನ್ನ ಬ್ಯಾಂಕಿನ ಇಬ್ಬರು ಸಹೋದ್ಯೋಗಿಗಳು ಬಸ್ ಸ್ಟಾಪಿನಲ್ಲಿ ನಿಂತು ನಮ್ಮನ್ನು ನೋಡಿದರು. ನಾನು ಎಡಗಡೆಯ ಕಿಟಕಿಯಿಂದ ಅವರಿಗೆ ಕೈ ಬೀಸಿದೆ. ಯಾವ ಗೇರೂ ಹಿಡಿದಿರದ ಕೈ, ಬೀಸಲು ಬಹಳ ಸುಲಭವಾಯಿತು.

ಆ ಕಣ್ಣು ಉಳಿಯಿತು. ಒಂದೂವರೆ ತಿಂಗಳಾದ ಮೇಲೆ ಅಮ್ಮನಿಗೆ ಬಾಟಲಿಯ ತಳದಷ್ಟು ದಪ್ಪದ ಕನ್ನಡಕ ಬಂತು. ಅದನ್ನು ಹಾಕಿಕೊಂಡ ಮೊದಲ ದಿನ ವೀಣಾಳ ಗಲ್ಲ ಹಿಡಿದು ನೋಡಿ, ಅವಳ ಮೂಗಿನ ಮೇಲೆ ಮಚ್ಚೆ ಇರುವುದನ್ನು ಯಾರೂ ತನಗೆ ಕಾಗದದಲ್ಲಿ ಬರೆದಿರಲಿಲ್ಲ ಎಂದು ನಮ್ಮೆಲ್ಲರನ್ನೂ ಬೈದಳು.

ಒಂದು ಭಾನುವಾರ, ನನ್ನ ಪಕ್ಕದ ಸೀಟಿನಲ್ಲಿ ಕೂತು ಪೇಟೆ ನೋಡುತ್ತೇನೆ ಎಂದಳು. ಸುಮತಿಯನ್ನು ಕರೆಯಲೇ ಎಂದೆ. “ಅವಳು ಮಲಗಿದ್ದಾಳೆ. ವಾರಕ್ಕೊಂದು ದಿನ ಮಲಗ್ಲಿ. ನೀನೇ ನಡಿ” ಎಂದಳು. ಹೊರಟೆವು. ಪಾಲಾರಿವಟ್ಟದ ಜಂಕ್ಷನ್ನಿನ ನಟ್ಟನಡುವೆ, ಎಲ್ಲರೂ ನೋಡುವಂಥ ಜಾಗದಲ್ಲೇ, ಕ್ಲಚ್ಚಿನ ತಟ್ಟೆಗಳು ಒಂದನ್ನೊಂದು ಒಮ್ಮೆಲೇ ಹಿಡಿದುಕೊಂಡವು. ಕಾರು ಒಮ್ಮೆ ನಡುಗಿ ನಿಂತಿತು. ಹಿಂದೆ ಒಂದು ಲಾರಿ, ಅದರ ಹಿಂದೆ ಬಸ್ಸು, ಎರಡೂ ಒಟ್ಟಿಗೆ ಕೂಗಿಕೊಂಡವು. ನಾನು ಬೆವರುತ್ತ ಕೀ ತಿರುಗಿಸಿದೆ. ಅಮ್ಮ ನನ್ನ ಕಡೆ ತಿರುಗಲೂ ಇಲ್ಲ. ಕಿಟಕಿಗೆ ಮೂಗು ತಾಗಿಸಿ, ರಸ್ತೆಬದಿಯ ಬಾಳೆಹಣ್ಣಿನ ಅಂಗಡಿಯಲ್ಲಿ ತೂಗುಬಿಟ್ಟಿದ್ದ ಕೆಂಪು, ಹಳದಿ, ಹಸಿರು ಗೊನೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

“ಅವಸರ ಮಾಡ್ಬೇಡ ಮಗಾ” ಎಂದಳು. “ನನಗೆ ಇನ್ನೂ ನೋಡಿ ಆಗ್ಲಿಲ್ಲ.”