ಕೆರೆದಂಡೆಯ ಗರಗ

ಗಂಗವ್ವ, ನಾನು ನಿನಗೆ ಸುಳ್ಳು ಹೇಳಿದೆ. ಕಾಮಾಲೆಗೆ ನಾನು ಅರೆದು ಕೊಡುತ್ತಿದ್ದ ಎಲೆ ಕಪ್ಪತಗುಡ್ಡದ್ದಲ್ಲ. ನಮ್ಮ ಮಾಗಡಿ ಕೆರೆಯ ದಂಡೆಯಲ್ಲಿ, ಎಮ್ಮೆ ತುಳಿದುಕೊಂಡು ಹೋಗುವ ಕೆಸರಿನಲ್ಲಿ ಬೆಳೆಯುವ ಗರಗ ಅದು. ನೀನೂ ಅದನ್ನು ಎಣ್ಣೆಯಲ್ಲಿ ಕುದಿಸಿ ತಲೆಗೆ ಹಚ್ಚಿಕೊಂಡಿದ್ದೀಯ, ಕುಡುಗೋಲು ತಾಗಿದಾಗ ರಸ ಹಿಂಡಿ ಗಾಯಕ್ಕೆ ಬಿಟ್ಟುಕೊಂಡಿದ್ದೀಯ. ಅದೇ.

ಸಾಯುವ ಮುಂಚೆ ಅತ್ತೆ ನನ್ನೊಬ್ಬಳನ್ನೇ ಕರೆದು ಎಲೆ ತೋರಿಸಿದಳು. "ಊರಿಗೆ ಹೆಸರು ಹೇಳಬ್ಯಾಡ, ಗುಣ ಹೋಗತೈತಿ. ಸಣ್ಣ ಸೊಸಿಗೆ ಮಾತ್ರ ಹೇಳು" ಎಂದಳು. ಸಣ್ಣ ಸೊಸೆ ನೀನು. ಮೊದಲನೆಯ ಮಾತು ನಡೆಸಿದೆ. ಎರಡನೆಯದು— ನುಂಗಿದೆ.

ಲಕ್ಷ್ಮೇಶ್ವರ, ಶಿರಹಟ್ಟಿಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ದೊಡ್ಡ ಮನೆಯವರೂ ನನ್ನೆದುರು ಕೈಮುಗಿದು ಕೂಡುತ್ತಿದ್ದರು. ಕೆರೆಯ ಕಸ ಎಂದು ತಿಳಿದರೆ ಯಾರು ಕೂಡುತ್ತಾರೆ? ಅದಕ್ಕೇ ಬೇವು ಬೆರೆಸಿ ಅರೆದು, ಗುಡ್ಡದಿಂದ ತರಿಸುತ್ತೇನೆ ಎನ್ನುತ್ತಿದ್ದೆ. ರಸದಿಂದ ಬೆರಳು ಕಪ್ಪಾದರೆ, ಕಾಡಿಗೆ ಮಾಡಿದೆ ಎನ್ನುತ್ತಿದ್ದೆ.

ಕನ್ನಡ ನಾಡು ಒಂದಾಯಿತೆಂದು ಪೇಡೆ ಹಂಚಿದ ಕೆಲವೇ ದಿನಕ್ಕೆ ನಿನ್ನ ತವರು ಮುಂಡರಗಿಯಿಂದ ತಮ್ಮ ಬಸಪ್ಪನ ಸುದ್ದಿ ಬಂತು.

"ಯಕ್ಕಾ, ಅವನ ಕಣ್ಣು ಅರಿಷಿಣ ಆಗ್ಯಾವಂತ. ಎಲಿ ಹೆಸರು ಹೇಳು, ನಾನ ಅರದು ಕೊಡತೀನಿ."

"ನೀ ಅರದ್ರ ಬರೇ ಚಟ್ನಿ ಆಕ್ಕೈತಿ. ಹೊಲದಾಗ ಕಸ ತಗಿಯೂದೈತಿ. ಮೂರು ದಿನ ತಡಿ, ನಾನ ಬರತೀನಿ."

"ತಡಿಯಾಕ ಆಗೂದಿಲ್ಲ. ಗುಡ್ಡಕ್ಕ ನಾನ ಹೋಗತೀನಿ. ಗುರುತಾದ್ರೂ ಹೇಳು."

"ಬಿಳಿ ಹೂ ಇರತಾವ" ಎಂದೆ. ಅಷ್ಟೇ.

ಮೂರನೆಯ ದಿನ ಸೆರಗಿನಲ್ಲಿ ಎಲೆ ಕಟ್ಟಿಕೊಂಡು ಮುಂಡರಗಿಗೆ ಬಂದೆ. ನಿಮ್ಮ ಬಾವಿಯ ನೀರು ಹರಿಯುವ ಕಡೆ ಗರಗ ದಟ್ಟವಾಗಿ ಬೆಳೆದಿತ್ತು— ದಾಟಿಕೊಂಡೇ ಒಳಗೆ ಹೋದೆ. ನೀನು ಇನ್ನೂ ಗುಡ್ಡದಲ್ಲಿದ್ದೆ. ಎಲೆ ಅರೆಯುವ ಹೊತ್ತೂ ಉಳಿದಿರಲಿಲ್ಲ. ಮಧ್ಯಾಹ್ನದೊಳಗೆ ಬಸಪ್ಪ ಹೋದ.

ಸಂಜೆ ನೀನು ಉಡಿ ತುಂಬ ಎಲೆ ತಂದು, ಅವನ ಮುಖ ನೋಡುವ ಮೊದಲೇ ನನ್ನ ಮುಂದೆ ಸುರುವಿದೆ. "ಯಕ್ಕಾ, ಇದರಾಗ ಯಾವುದು?" ಕೈಕಾಲೆಲ್ಲ ಮುಳ್ಳು ಗೀರಿ ರಕ್ತ ಬಂದಿತ್ತು. "ಯಾವುದೂ ಅಲ್ಲ" ಎಂದೆ. ಆಗಲೂ ಹೆಸರು ಹೇಳಲಿಲ್ಲ.

ಆ ಎಲೆ ಅವನನ್ನು ಉಳಿಸುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಇನ್ನು ಬಡಾಯಿ ಕೊಚ್ಚುವುದಿಲ್ಲ. ಆದರೆ ಹೆಸರು ಹೇಳಿದ್ದರೆ ಆ ದಿನಗಳನ್ನು ನೀನು ಅವನ ತಲೆದೆಸೆಯಲ್ಲಿ ಕಳೆಯುತ್ತಿದ್ದೆ. ಅದನ್ನು ಕಸಿದವಳು ನಾನು.

ಈಗ ಹಳದಿ ಕಣ್ಣಿನವರು ಬಂದರೆ ಮೊದಲು ದವಾಖಾನೆಗೆ ಕಳಿಸುತ್ತೇನೆ. ಎಲೆ ಕೇಳಿದವರನ್ನು ಕೆರೆಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಜನ ನಗುತ್ತಾರೆ. ನಗಲಿ.

ಇನ್ನೊಂದಿದೆ. ಕೊನೆಗೆ ಅವನಿಗೆ ಎಚ್ಚರ ಇರಲಿಲ್ಲ, ಯಾರನ್ನೂ ಕೇಳಲಿಲ್ಲ ಎಂದು ನಿನಗೆ ಹೇಳಿದ್ದೆನಲ್ಲ— ಅದೂ ಸುಳ್ಳು. ನಿನ್ನ ತಾಯಿ ಒಲೆಯ ಮುಂದಿದ್ದಳು, ಹತ್ತಿರ ಇದ್ದವಳು ನಾನೊಬ್ಬಳೇ. "ಅಕ್ಕ ಎಲ್ಲಿ ಅದಾಳ?" ಎಂದು ಮೂರು ಸಲ ಕೇಳಿದ, ಗಂಗವ್ವ. ನಾನು ಸೆರಗಿನ ಗಂಟು ಬಿಚ್ಚುತ್ತಾ ಕೂತೆ.