ಒಳಲೆಯಲ್ಲಿ ಕುಡಿಸಿದ ಜಿಂಕ್

ಅರ್ಧ ತಿಳಿದ ಸಂಗತಿಯೊಂದನ್ನು ಪೂರ್ಣ ವಿಶ್ವಾಸದಿಂದ ಹೇಳಿ, ಕೇಳಿದವರು ಅದನ್ನು ನಂಬಿ ಏನು ಮಾಡಿದರೆಂದು ಆಮೇಲೆ ನೀವು ಹೋಗಿ ನೋಡಿದ್ದೀರಾ?

ಹೇಳುವ ಕೆಲಸವನ್ನು ನಾನು ಬಹಳ ಮಾಡಿದ್ದೇನೆ. ವಾರವಿಡೀ ಕೋಪರಖೈರಣೆಯ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಭಾನುವಾರ ಮಹಾನಗರದಂಚಿನ ದಿವಾದ ಸಾಲುಮನೆಗಳ ಚಾಳುಗಳಲ್ಲಿ, ಕಲಬುರಗಿ, ರಾಯಚೂರು ಕಡೆಯಿಂದ ದುಡಿಯಲು ಬಂದ ಹೆಂಗಸರಿಗೆ ತಾಯಿ-ಮಗುವಿನ ಆರೋಗ್ಯದ ಕುರಿತು ಭಾಷಣ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿಕೊಂಡ ಚಾಳಿಯೊಂದು ನನ್ನನ್ನು ಬಿಟ್ಟಿರಲಿಲ್ಲ: ವಾದವನ್ನು ದುರ್ಬಲಗೊಳಿಸುವ ಮಾತನ್ನು ನುಂಗಿಬಿಡುವುದು.

ಒಂದು ಭಾನುವಾರ, ನವಜಾತ ಶಿಶುಗಳ ಮೈಯೆಲ್ಲ ಸೋಂಕು ಹಬ್ಬುವ ಸೆಪ್ಸಿಸ್ ಬಗ್ಗೆ ಮಾತನಾಡಿದೆ. ಆಸ್ಪತ್ರೆಯಲ್ಲಿ ಆ್ಯಂಟಿಬಯಾಟಿಕ್ ಚುಚ್ಚುಮದ್ದಿನ ಜೊತೆಗೆ ಜಿಂಕ್ ಕೊಟ್ಟು ನೋಡುತ್ತಿದ್ದಾರೆ, ಉಪಯೋಗವಾಗಬಹುದು ಎಂದು ಎಲ್ಲೋ ಓದಿದ್ದೆ. ಚುಚ್ಚುಮದ್ದಿನ ಮಾತು ನನ್ನ ಭಾಷಣದಲ್ಲಿ ಬರಲೇ ಇಲ್ಲ. ಭೇದಿಯಾದ ಮಕ್ಕಳಿಗೆಂದು ಕೊಟ್ಟ ಜಿಂಕ್ ಸಿರಪ್ಪಿನ ಬಾಟಲಿ ಎಷ್ಟೋ ಮನೆಗಳಲ್ಲಿ ಅರ್ಧ ಉಳಿದಿರುತ್ತಿತ್ತು. ಅದನ್ನೇ ಎತ್ತಿ ಹಿಡಿದು, "ಔಷಧ ನಿಮ್ಮ ಮನೆಯಲ್ಲೇ ಇದೆ" ಎಂದೆ. ಚಪ್ಪಾಳೆ ಬಿತ್ತು.

ಕೆಲವು ವಾರಗಳ ಬಳಿಕ, ಆ ಸಭೆಯಲ್ಲಿ ಮುಂದೆಯೇ ಕುಳಿತಿದ್ದ ಮುದುಕಿಯೊಬ್ಬಳ ಮನೆಗೆ ಹೋದೆ. ಸೊಸೆ ಹೆತ್ತು ನಾಲ್ಕು ದಿನವಾಗಿತ್ತು. ಎರಡನೆಯ ದಿನವೇ ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು.

"ಬರ್ರೀ ಅಕ್ಕೋರ. ಬರಿಗೈಲೆ ಬಂದೀರಲ್ಲ, ಕೂಸಿನ ತಲಿಗಿ ಹಾಕೋ ಕುಂಚಿಗಿ ಎಲ್ಲದ?" ಎಂದು ಮುದುಕಿ ನಕ್ಕಳು.

ನಾನೂ ನಗುತ್ತಲೇ ಕೂಸನ್ನು ಮುಟ್ಟಿದೆ. ತಗಡಿನ ಮಾಡಿನ ಆ ಕುದಿಯುವ ಕೋಣೆಯಲ್ಲೂ ಅದರ ಪಾದ ತಣ್ಣಗಿತ್ತು.

"ನಿನ್ನಿ ಸಂಜಿಯಿಂದ ಮಲಿ ಹಿಡೀವಲ್ದರಿ," ಎಂದಳು ಸೊಸೆ, ಮೆಲ್ಲಗೆ. "ಅಳೂದೂ ಬಿಟ್ಟದ."

"ಮತ್ತೆ ಆಸ್ಪತ್ರೆಗೆ ಒಯ್ಯಲಿಲ್ಲವೇ?"

ಉತ್ತರ ಮುದುಕಿಯಿಂದ ಬಂತು. "ಒಮ್ಮಿ ಮನಿಯೊಳಗ ಬಂದ ಕೂಸಿಗಿ ಐದು ದಿನ ಆಗೂತನಾ ಹೊಚ್ಚಲ ದಾಟಸಂಗಿಲ್ಲರಿ. ನಾಳಿ ಸಟವಿ ಪೂಜಿ. ಆ ದೇವಿ ಬಂದು ಕೂಸಿನ ಹಣಿಬರಹ ಬರೀತಾಳ, ಆಮ್ಯಾಲ ಹೋಗಮು. ಅಲ್ಲೀತನಾ ನಾವೇನು ಸುಮ್ಮ ಕುಂತಿಲ್ರಿ, ನೀವು ಹೇಳಿದ ಜಿಂಕ್ ಮೂರು ಸಲ ಕುಡಿಸೀವಿ."

ಮೂಲೆಯಲ್ಲಿ ಕೂಸಿಗೆ ಮದ್ದು ಕುಡಿಸುವ ಒಳಲೆ ಇತ್ತು, ಅಂಚಿನಲ್ಲಿ ಸಿರಪ್ಪಿನ ಅಂಟು. ವರ್ಷಗಟ್ಟಲೆ ನಾನು ಸಂಪ್ರದಾಯವನ್ನೂ ವಿಜ್ಞಾನವನ್ನೂ ಎದುರಾಳಿಗಳಾಗಿ ನಿಲ್ಲಿಸಿ ವಾದಿಸಿದ್ದೆ. ಇಲ್ಲಿ ನಾನು ಹೇಳಿದ ಅರೆಬರೆ ವಿಜ್ಞಾನವೇ ಸಂಪ್ರದಾಯಕ್ಕೆ ಇನ್ನೊಂದು ದಿನ ಕಾಯುವ ಧೈರ್ಯ ಕೊಟ್ಟಿತ್ತು.

"ಈಗಲೇ ಹೊರಡಬೇಕು," ಎಂದೆ.

"ಔಷಧ ಮನ್ಯಾಗೇ ಅದ ಅಂತ ನೀವೇ ಹೇಳಿದ್ರಿ. ಖರೇನೋ ಸುಳ್ಳೋ?"

"ಸುಳ್ಳು. ನಾನು ತಪ್ಪು ಹೇಳಿದೆ."

"ಮತ್ತ ಅವತ್ತು ಯಾಕ ಅಷ್ಟು ಜೋರ್ಲೆ ಹೇಳಿದ್ರಿ?"

 ಸೊಸೆ ಅಷ್ಟರಲ್ಲಿ ಗೋಡೆ ಹಿಡಿದು ಎದ್ದು ನಿಂತಿದ್ದಳು. ಕೂಸನ್ನು ಸೆರಗಿನೊಳಗೆ ಎದೆಗೆ ಅವಚಿಕೊಂಡು, "ಸಟವಿಗಿ ಆಸ್ಪತ್ರಿ ದಾರಿ ಗೊತ್ತಿರತದ, ಅತ್ತಿ. ಅಲ್ಲೇ ಬಂದು ಬರೀಲಿ," ಎಂದು ಹೊಸ್ತಿಲು ದಾಟಿದಳು.

ಆಸ್ಪತ್ರೆಯ ದಾರಿಯಲ್ಲಿ, ಮುಂಬ್ರಾದಲ್ಲಿ, ನಮ್ಮ ರಿಕ್ಷಾ ಬಹಳ ಹೊತ್ತು ಸಿಕ್ಕಿಕೊಂಡಿತು. ಕೂಸಿನ ಎದೆ ಏರಿಳಿಯುವುದನ್ನೇ ಸೊಸೆ, ಹಿಂದೆಯೇ ಬಂದು ಹತ್ತಿದ್ದ ಮುದುಕಿ, ನಾನು ಮೂವರೂ ನೋಡುತ್ತಿದ್ದೆವು. ನಾಲ್ಕು ದಿನದ ಕೂಸಿಗೆ ಜಿಂಕ್ ಕುಡಿಸಿದ್ದೆಂದು ತಿಳಿದ ಆಸ್ಪತ್ರೆಯ ತರುಣ ವೈದ್ಯ ಸೂಜಿ ಸಿದ್ಧಮಾಡಿಕೊಳ್ಳುತ್ತಲೇ ಕೇಳಿದ: "ಚಾರ್ ದಿನ್ ಕೇ ಬಚ್ಚೇ ಕೋ ಝಿಂಕ್? ಕಿಸ್ನೇ ಬೋಲಾ?"

"ನಾನೇ ಹೇಳಿದ್ದು," ಎಂದೆ.

ಆತ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಸೆಪ್ಸಿಸ್‌ಗೆ ತಡವಿಲ್ಲದ ಆ್ಯಂಟಿಬಯಾಟಿಕ್ಕೇ ಚಿಕಿತ್ಸೆ, ಎಂದ. ಜಿಂಕ್ ಅದರ ಜೊತೆಗೆ ಸಹಾಯಕವೋ ಅಲ್ಲವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ, ಆಗಿದ್ದರೂ ಅದು ಮನೆಯಲ್ಲಿ ಕುಡಿಸುವ ಮದ್ದಲ್ಲ, ಎಂದು ಹೇಳಿ ಒಳಗೆ ಹೋದ.

ಎರಡು ವಾರ ಕೂಸು ಶಿಶು ವಾರ್ಡಿನಲ್ಲಿತ್ತು. ಬದುಕಿತು. ಮುದುಕಿ ನನ್ನನ್ನು ದೂರಲೂ ಇಲ್ಲ, ಮನೆಗೆ ಕರೆಯಲೂ ಇಲ್ಲ.

ಅಂದಿನ ಸಭೆಗೆ ಬಂದಿದ್ದವರ ಬಾಗಿಲುಗಳನ್ನು ಈಗ ಒಂದೊಂದಾಗಿ ತಟ್ಟುತ್ತಿದ್ದೇನೆ. "ಆವಾಗ ಹಂಗಂದ್ರಿ, ಈಗ ಹಿಂಗಂತೀರಿ. ಯಾವುದು ನಂಬಬೇಕ್ರಿ?" ಎಂದು ಒಬ್ಬಳು ಅರ್ಧ ಬಾಗಿಲು ಹಾಕಿಕೊಂಡಳು. ಕೆಲವರು ಊರಿಗೆ ಹೋಗಿದ್ದಾರೆ, ಕೆಲವರು ಕಲ್ಯಾಣದತ್ತ ಮನೆ ಬದಲಿಸಿದ್ದಾರೆ. ನನ್ನ ಮಾತು ಅವರೊಂದಿಗೆ ಎಲ್ಲೆಲ್ಲಿಗೆ ಹೋಗಿದೆಯೋ ತಿಳಿಯದು, ನಾನೊಬ್ಬಳೇ ಎಲ್ಲರನ್ನೂ ತಲುಪಲಾರೆ. ಆದ್ದರಿಂದ ನಿಮ್ಮನ್ನು ಬೇಡುತ್ತಿದ್ದೇನೆ: ಹಸುಗೂಸು ಹಾಲು ಕುಡಿಯುವುದು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಜ್ವರದಿಂದ ಸುಡುತ್ತಿದ್ದರೆ, ಮಂಕಾದರೆ, ಉಸಿರಾಟ ಬದಲಾದರೆ, ಜಿಂಕ್ ಆಗಲಿ ಬೇರೆ ಮದ್ದಾಗಲಿ ಕುಡಿಸುತ್ತ ಕೂರದೆ ಅದನ್ನು ಎದೆಗೆ ಅವಚಿ ಬೆಚ್ಚಗಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ. ಪಕ್ಕದ ಮನೆಯ ಬಾಣಂತಿಗೂ ಇವತ್ತೇ ಇದನ್ನು ಹೇಳಿ.