ಬೆನ್ನೊಳಗಿನ ಪುಟಗಳು

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಈ ಸಂಗತಿ ಕೇಳಿದವರೆಲ್ಲ ‘ಪಾಪ, ಗೊತ್ತಿಲ್ಲದೆ ಮಾಡಿದಳು’ ಎಂದು ನನ್ನನ್ನು ಬಿಟ್ಟುಬಿಡುತ್ತಾರೆ. ಆ ರಿಯಾಯಿತಿ ನನಗೆ ಬೇಡ. ಗೊತ್ತಿಲ್ಲದೆ ಮಾಡಿದ್ದು ಅರ್ಧ. ಉಳಿದರ್ಧ ಗೊತ್ತಿದ್ದೇ ಮಾಡಿದ್ದು.

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಬೈಂಡಿಂಗ್ ಅಂಗಡಿ. ಅಪ್ಪನ ಕಣ್ಣು ಮಂಜಾದ ಮೇಲೆ ಹೊಲಿಗೆ, ಅಂಟು, ರಟ್ಟು ಎಲ್ಲವೂ ನನ್ನ ಪಾಲಿಗೆ ಬಂದಿತ್ತು. ನನಗಿಂತ ಎಂಟು ವರ್ಷ ಚಿಕ್ಕವಳಾದ ತಂಗಿ ಬಿ.ಎ.ಗೆ ತತ್ತ್ವಶಾಸ್ತ್ರ ತೆಗೆದುಕೊಂಡಾಗ ಬೀದಿಯವರು ನಕ್ಕರು. ಟೈಪಿಂಗ್ ಕಲಿತಿದ್ದರೆ ಫ್ಯಾಕ್ಟರಿ ಆಫೀಸಿನಲ್ಲಾದರೂ ಕೂರಬಹುದಿತ್ತು ಎಂದರು. ಜೀವಮಾನವೆಲ್ಲ ಪುಸ್ತಕಕ್ಕೆ ರಟ್ಟು ಹಾಕಿದ್ದೇವೆ, ಒಬ್ಬಳಾದರೂ ಒಳಗೇನಿದೆ ನೋಡಲಿ ಎಂದು ಅಪ್ಪ ಅವರ ಬಾಯಿ ಮುಚ್ಚಿಸಿದರು.

ಅವಳಿಗೆ ಹಿಡಿದದ್ದು ಹಳೆಯ ಗ್ರೀಕರ ತರ್ಕದ ಹುಚ್ಚು. ಕಾಲೇಜಿನಲ್ಲಿ ಓದಲು ಹೇಳಿದ್ದು ಒಂದು ಗೈಡು, ಬರೀ ಪ್ರಶ್ನೆ ಮತ್ತು ಉತ್ತರ. ಪರೀಕ್ಷೆಗೆ ಇಷ್ಟು ಸಾಕು ಎಂದಿದ್ದರಂತೆ ಮೇಷ್ಟ್ರು.

“ಗೈಡಲ್ಲಿ ಗ್ರೀಕರು ಹೀಗಂದ್ರು ಅಂತ ಬರ್ದಿದೆ ಅಷ್ಟೆ. ಅದನ್ನ ಒಪ್ಪದೇ ಇರೋರು ಯಾರು, ಯಾಕೆ ಒಪ್ಪಲ್ಲ, ಅದು ಬೇಕು ಕಣಕ್ಕ ನಂಗೆ” ಎನ್ನುತ್ತಿದ್ದಳು.

ವಿಜಯನಗರದಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಲ್ಲಿ ಪತ್ತೇದಾರಿ ಕಾದಂಬರಿ ಬಿಟ್ಟರೆ ಬೇರೆ ಇರಲಿಲ್ಲ. ರದ್ದಿ ಅಂಗಡಿಗಳಲ್ಲಿ ನಾವಿಬ್ಬರೂ ಕುಕ್ಕರುಗಾಲಲ್ಲಿ ಕೂತು ರಾಶಿ ಕೆದಕಿದೆವು. ಸಿಕ್ಕಿದ್ದು ಅದೇ ಗೈಡಿನ ಹಳೆಯ ಪ್ರತಿಗಳು. ಕಡೆಗೆ ಅವಳು ಸಿಟಿಯೊಳಗಿನ ಒಂದು ಗ್ರಂಥಾಲಯದಲ್ಲಿ ತನಗೆ ಬೇಕಾದ್ದನ್ನು ಪತ್ತೆ ಮಾಡಿದಳು. ದಪ್ಪನೆಯ ಇಂಗ್ಲಿಷ್ ಪುಸ್ತಕ, ಮನೆಗೆ ಕೊಡುತ್ತಿರಲಿಲ್ಲ. ದಿನಾ ಬಸ್ಸು ಹಿಡಿದು ಹೋಗಿ ಅಲ್ಲೇ ಕೂತು ಓದುತ್ತಿದ್ದಳು. ಪುಸ್ತಕದ ಬೆನ್ನು ಮುರಿದಿತ್ತು. ಇದನ್ನು ಬೈಂಡಿಗೆ ಕೊಡುವುದಾದರೆ ನಮ್ಮ ಅಂಗಡಿಗೇ ಕೊಡಿ ಎಂದು ಗ್ರಂಥಪಾಲಕರನ್ನು ಕೇಳಿದವಳೂ ಅವಳೇ.

ಅವಳು ಕೆಂಗೇರಿಯ ಚಿಕ್ಕಮ್ಮನ ಮನೆಗೆ ಹೋಗಿದ್ದ ವಾರ ಗ್ರಂಥಾಲಯದ ಕಟ್ಟು ಬಂತು. ಮೂರು ವರ್ಷದ ಮಾಸಪತ್ರಿಕೆಗಳು, ಜೊತೆಗೆ ತಂಗಿಯ ಪುಸ್ತಕ. ಮಾಸಪತ್ರಿಕೆಗಳನ್ನು ವರ್ಷಕ್ಕೊಂದು ಸಂಪುಟ ಮಾಡುವಾಗ ಹಿಂದಿನ ಜಾಹೀರಾತಿನ ಹಾಳೆಗಳನ್ನು ಕಿತ್ತುಹಾಕುವುದು ನಮ್ಮ ಪದ್ಧತಿ. ಕಿತ್ತ ಹಾಳೆಯನ್ನು ಬಿಸಾಡುವುದಿಲ್ಲ. ಉದ್ದಕ್ಕೆ ಎರಡಾಗಿ ಸೀಳಿ, ಹೊಲಿದ ಪುಸ್ತಕದ ಬೆನ್ನಿಗೆ ಮೈದಾ ಅಂಟಿನಲ್ಲಿ ಒತ್ತುತ್ತೇವೆ. ಅದರ ಮೇಲೆ ಬಟ್ಟೆ, ಅದರ ಮೇಲೆ ರಟ್ಟು. ತಂಗಿಯ ಪುಸ್ತಕದ ಕೊನೆಯಲ್ಲಿ ಎಂಟು ಹಾಳೆ ಸಣ್ಣ ಅಕ್ಷರದ ಪಟ್ಟಿ ಕಂಡಿತು. ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ನೋಡಿದರೆ ಹೆಸರು, ಊರು, ಇಸವಿ. ಪ್ರಕಾಶಕರು ತಮ್ಮ ಬೇರೆ ಪುಸ್ತಕಗಳನ್ನು ಮಾರಲು ಹಿಂದೆ ಸೇರಿಸುತ್ತಾರಲ್ಲ, ಅಂಥದ್ದೇ ಎಂದುಕೊಂಡೆ. ತಂಗಿಯ ಪುಸ್ತಕ ಚೊಕ್ಕವಾಗಿರಲಿ ಎಂದು ಜೋಪಾನವಾಗಿ ಕಿತ್ತೆ. ಮಾಸಪತ್ರಿಕೆಗಳ ಬೆನ್ನು ಅಗಲವಾಗಿತ್ತು, ಅವುಗಳಿಗೆ ಅಂಟಿಸಿದೆ.

ಅವು ಜಾಹೀರಾತಾಗಿರಲಿಲ್ಲ. ಯಾವ ವಿಷಯಕ್ಕೆ ಯಾವ ವಿದ್ವಾಂಸರನ್ನು ಓದಬೇಕು, ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಆ ಪುಸ್ತಕ ಬರೆದವರೇ ಕೊಟ್ಟ ದಾರಿಯಾಗಿತ್ತು. ತಂಗಿ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲು ಆಗಷ್ಟೇ ಶುರುಮಾಡಿದ್ದಳು. ಹಾಗೆ ಇಳಿಸಿಕೊಳ್ಳುವುದನ್ನು ಗ್ರಂಥಪಾಲಕರು ನೋಡಿದ್ದರು. ಪುಸ್ತಕ ವಾಪಸು ಹೋಗಿ, ಪುಟ ಇಲ್ಲದ್ದು ಕಂಡಾಗ ಅವರು ಬೇರೆ ಯಾರನ್ನೂ ಕೇಳಲಿಲ್ಲ. ಬರೆಯುವ ಸೋಮಾರಿತನಕ್ಕೆ ಹರಿದುಕೊಂಡಿದ್ದೀಯ ಎಂದು ಎಲ್ಲರೆದುರು ಅಂದು, ಅವಳ ಕಾರ್ಡು ಕಿತ್ತುಕೊಂಡರು. ರಟ್ಟು ಹಾಕುವವರ ಮನೆಯವರಿಗೆ ಗ್ರೀಕರು ಯಾಕೆ ಎಂದೂ ಸೇರಿಸಿದರಂತೆ.

ತಂಗಿ ಮನೆಗೆ ಬಂದು ಚಪ್ಪಲಿ ಬಿಡದೆ ಹೊಸಿಲಲ್ಲೇ ನಿಂತು ಕೇಳಿದಳು. “ಅಕ್ಕ, ಕಟ್ಟು ಬಂದಾಗ ಕೊನೇ ಹಾಳೆಗಳು ಇದ್ವಾ?”

ಸೂಜಿಗೆ ದಾರ ಪೋಣಿಸುತ್ತಿದ್ದೆ. ತಲೆ ಎತ್ತಲಿಲ್ಲ. “ನಾನು ನೋಡ್ಲಿಲ್ಲ” ಎಂದೆ.

ಇದೇ ನಾನು ಹೇಳಿದ ಉಳಿದರ್ಧ. ಗ್ರಂಥಾಲಯದ ಕೆಲಸ ತಪ್ಪುತ್ತದೆ ಎಂಬ ಭಯ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದು ಬೇರೆ. ಮನೆಯಲ್ಲಿ ಇಂಗ್ಲಿಷ್ ಓದುವವಳ ಎದುರು, ಪಟ್ಟಿ ಯಾವುದು ಜಾಹೀರಾತು ಯಾವುದು ನನಗೆ ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳಲು ನನಗಾಗಲಿಲ್ಲ.

ಅವಳು ಮಾರನೆಯ ದಿನವೂ ಗ್ರಂಥಾಲಯಕ್ಕೆ ಹೋದಳು. ಅದರ ಮಾರನೆಯ ದಿನವೂ. ಕೌಂಟರಿನ ಮುಂದೆ ನಿಂತು ಅದೇ ಪುಸ್ತಕ ಕೇಳುವುದು, ಇಲ್ಲ ಅನ್ನಿಸಿಕೊಳ್ಳುವುದು, ಬಾಗಿಲು ಹಾಕುವ ತನಕ ಅಲ್ಲೇ ನಿಲ್ಲುವುದು. ಅಳಲಿಲ್ಲ, ಬೇಡಲಿಲ್ಲ. ಹನ್ನೆರಡು ದಿನ ಹಾಗೆ ನಿಂತಳು. ಹದಿಮೂರನೆಯ ದಿನ ಹೊರಟವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುವುದನ್ನು ನೋಡಿದೆ. ಚಪ್ಪಲಿಯ ಉಂಗುಷ್ಠ ಕಿತ್ತಿತ್ತು, ಅದಕ್ಕೆ ನಮ್ಮ ಬೈಂಡಿಂಗ್ ದಾರ ಸುತ್ತಿಕೊಂಡಿದ್ದಳು. ನನ್ನ ಬಾಯಿ ತಾನಾಗಿ ತೆರೆಯಿತು. ಎಲ್ಲ ಹೇಳಿದೆ.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. “ಬೈಂಡ್ ಮಾಡೋಕ್ ಮುಂಚೆ ಇತ್ತು, ಮಾಡಿದ್ ಮೇಲೆ ಇಲ್ಲ. ನಾನು ಹರೀಲಿಲ್ಲ. ಇನ್ ಯಾರಕ್ಕ ಉಳಿದ್ರು? ಇಷ್ಟೂ ಗೊತ್ತಾಗ್ದಿದ್ರೆ ನಾನು ತರ್ಕ ಓದಿ ಏನ್ ಬಂತು?”

“ಮತ್ತೆ ಅವರಿಗ್ಯಾಕೆ ಹೇಳ್ಲಿಲ್ಲ?”

“ನೀನು ಹೇಳ್ತೀಯೇನೋ ಅಂತ.”

ಆಮೇಲೆ, ಪಾಠ ಹೇಳುವವಳ ಹಾಗೆ, ನನ್ನ ತಪ್ಪು ಎಲ್ಲಿದೆ ಎಂದು ತೋರಿಸಿದಳು. ಪುಸ್ತಕದ ಹಿಂಭಾಗದ ಪಟ್ಟಿಗಳೆಲ್ಲ ಜಾಹೀರಾತು, ಇದು ಹಿಂಭಾಗದ ಪಟ್ಟಿ, ಆದ್ದರಿಂದ ಇದು ಜಾಹೀರಾತು. ಯೋಚಿಸಿದ ದಾರಿ ಸರಿಯಾಗೇ ಇದೆ, ಮೊದಲ ಮಾತು ಸುಳ್ಳು, ಅಷ್ಟೇ. “ಆ ತಪ್ಪನ್ನ ಓದ್ದೋರೂ ಮಾಡ್ತಾರೆ. ನೋಡ್ಲಿಲ್ಲ ಅಂದ್ಯಲ್ಲ, ಅದು ತರ್ಕದ್ ತಪ್ಪಲ್ಲ.”

ಚಾಕು, ಸೂಜಿ, ದಾರ, ಅಂಟಿನ ಡಬ್ಬಿ ಚೀಲಕ್ಕೆ ಹಾಕಿಕೊಂಡು ಅವಳ ಜೊತೆ ಬಸ್ಸು ಹತ್ತಿದೆ.

ಗ್ರಂಥಪಾಲಕರಿಗೆ ಎಲ್ಲರಿಗೂ ಕೇಳುವಂತೆ ಹೇಳಿದೆ. ಹರಿದವಳು ನಾನು, ಆ ಹಾಳೆಗಳು ನಿಮ್ಮ ಮಾಸಪತ್ರಿಕೆಗಳ ಬೆನ್ನೊಳಗಿವೆ, ಸಂಪುಟಗಳನ್ನು ತಂದುಕೊಡಿ ಎಂದೆ. ಅವರು ತಂಗಿಯ ಕಡೆ ನೋಡಲೇ ಇಲ್ಲ. ಅಕ್ಷರ ಬಾರದವರ ಕೈಗೆ ಪುಸ್ತಕ ಕೊಟ್ಟದ್ದು ತಮ್ಮ ತಪ್ಪು ಎಂದರು.

“ಹೌದು ಸಾರ್, ನಂಗೆ ಇಂಗ್ಲಿಷ್ ಬರಲ್ಲ. ನಿಮಗೆ ಬರುತ್ತಲ್ಲ? ಇವಳು ಹರಿದಳು ಅಂತ ನೀವು ಎಲ್ಲಿ ಓದಿದ್ರಿ?”

ಓದುತ್ತಿದ್ದವರು ತಲೆ ಎತ್ತಿದರು. ಸಂಪುಟಗಳು ಬಂದವು.

ಅಲ್ಲೇ ಮೇಜಿನ ಮೇಲೆ ರಟ್ಟು ಬಿಚ್ಚಿ, ಒದ್ದೆ ಬಟ್ಟೆಯಿಂದ ಅಂಟು ನೆನೆಸಿ, ಒಂದೊಂದೇ ಸೀಳನ್ನು ಎಬ್ಬಿಸಿದೆ. ತಂಗಿ ಅವುಗಳನ್ನು ಜೋಡಿಸುತ್ತ ಹೋದಳು. ಐದು ಹಾಳೆ ಪೂರ್ತಿ ಬಂದವು. ಎರಡು ಹಾಳೆ ಕೈಯಲ್ಲೇ ಮುದ್ದೆಯಾದವು. ಒಂದರ ಎಡಭಾಗ ಮಾತ್ರ ಉಳಿಯಿತು, ಅಂದರೆ ಬರೆದವರ ಹೆಸರಿದೆ, ಏನು ಬರೆದರು ಎಂಬುದಿಲ್ಲ. ಉಳಿದದ್ದನ್ನು ಪುಸ್ತಕದ ಕೊನೆಗೆ ಹೊಲಿದೆ. ಮಾಸಪತ್ರಿಕೆಗಳಿಗೂ ಮತ್ತೆ ಬೆನ್ನು ಕಟ್ಟಿಕೊಟ್ಟೆ. ಗ್ರಂಥಪಾಲಕರು ಡ್ರಾಯರಿನಿಂದ ಕಾರ್ಡು ತೆಗೆದು ಮೇಜಿನ ಮೇಲೆ ಎಸೆದರು. ತಂಗಿ ಅದನ್ನು ಮುಟ್ಟದೆ, ಕೈಗೆ ಕೊಡಿ ಸಾರ್ ಎಂದು ನಿಂತಳು. ಕೊಟ್ಟರು.

ಆ ಗ್ರಂಥಾಲಯದಿಂದ ನಮಗೆ ಮತ್ತೆ ಕಟ್ಟು ಬರಲಿಲ್ಲ. ನಾನು ಅವರ ಕ್ಷಮೆ ಕೇಳಲೂ ಇಲ್ಲ, ಇವತ್ತು ಎದುರಿಗೆ ಸಿಕ್ಕರೂ ಕೇಳುವುದಿಲ್ಲ. ಕೇಳಬೇಕಾದವಳನ್ನು ಕೇಳಿದ್ದೇನೆ. ಅವಳು ಆಯಿತು ಎಂದಿಲ್ಲ, ಹೋಗಲಿ ಎಂದೂ ಅಂದಿಲ್ಲ.

ಆ ಅರ್ಧ ಹಾಳೆಯ ಹೆಸರುಗಳನ್ನು ಅವಳು ನೋಟ್‌ಬುಕ್ಕಿನ ಎಡಕ್ಕೆ ಬರೆದುಕೊಂಡಳು. ಆಮೇಲೆ ವರ್ಷಗಟ್ಟಲೆ, ಯಾವ ಊರಿನ ಯಾವ ಗ್ರಂಥಾಲಯಕ್ಕೆ ಹೋದರೂ ಹುಡುಕಿ, ಬಲಕ್ಕೆ ಒಂದೊಂದೇ ಪುಸ್ತಕದ ಹೆಸರು ತುಂಬಿಸಿದಳು. ನೋಟ್‌ಬುಕ್ಕು ಸಡಿಲವಾದಾಗಲೆಲ್ಲ ಹೊಲಿಯಲು ನನಗೇ ಕೊಡುತ್ತಾಳೆ. ಕೊಡುವ ಮೊದಲು, ನನ್ನ ಮುಂದೆಯೇ ಕೂತು, ಹಾಳೆ ಎಣಿಸುತ್ತಾಳೆ.